ಬಾಂದು ಕಲ್ಲಿನ ಜಾಡು ಹಿಡಿದು

ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯ ಆಚೆ, ರಾಗಿ ಕೊಯ್ದು ಖಾಲಿಯಾಗಿದ್ದ ಹೊಲವೊಂದರ ಬದುವಿನಲ್ಲಿ ಬುತ್ತಿ ಬಿಚ್ಚಿಕೊಂಡು ಕೂರಲು ಅನುಕೂಲವಾದ ಒಂದು ಕಲ್ಲು ಕಂಡಿತು. ನೆಲದಿಂದ ಒಂದು ಗೇಣು ಮೇಲೆದ್ದಿದ್ದ ಒರಟು ಕಲ್ಲು. ಎರಡು ತುತ್ತು ತಿಂದಿದ್ದೆನೋ ಇಲ್ಲವೋ, ಪಕ್ಕದ ಹೊಲದಿಂದ ಮುದುಕರೊಬ್ಬರು ಕೂಗಿ ಹೇಳಿದರು: ‘ಸಾ, ಅದರ ಮ್ಯಾಲೆ ಕೂತ್ಕಬ್ಯಾಡಿ. ಅದು ಬಾಂದ್ ಕಲ್ಲು.’

ಎದ್ದು ನಿಂತೆ. ಕಲ್ಲಿನ ತಲೆಯ ಮೇಲೆ ಉಳಿಯಿಂದ ಕೊರೆದ ಗೀರುಗಳು ಮಾಸಲಾಗಿ ಕಾಣುತ್ತಿದ್ದವು. ಹತ್ತಿರ ಬಂದ ಯಜಮಾನರು ನನ್ನ ಕೈಯಲ್ಲಿದ್ದ ನಕ್ಷೆಯನ್ನು ನೋಡಿ, ‘ಸರ್ವೆಯವರಾ?’ ಎಂದರು. ಅಲ್ಲ, ಸುಮ್ಮನೆ ನೋಡಿಕೊಂಡು ಹೋಗಲು ಬಂದವನು ಎಂದೆ. ನಂಬಿದ ಹಾಗೆ ಕಾಣಲಿಲ್ಲ. ಹಳ್ಳಿಗಾಡಿನಲ್ಲಿ ನಕ್ಷೆ ಹಿಡಿದು ಸುಮ್ಮನೆ ಓಡಾಡುವವರು ಇರುವುದಿಲ್ಲ. ನಕ್ಷೆ ಬಂತೆಂದರೆ ಯಾರದೋ ಜಮೀನು ಯಾರಿಗೋ ಹೋಗುತ್ತದೆ, ಇಲ್ಲವೇ ರಸ್ತೆಯೋ ನಾಲೆಯೋ ಬರುತ್ತದೆ. ಅವರ ಅನುಮಾನಕ್ಕೆ ನೂರೈವತ್ತು ವರ್ಷಗಳ ಆಧಾರವಿದೆ.

ಆ ಕಲ್ಲಿನ ಕಥೆ ಹೀಗೆ. ಮೈಸೂರು ಸಂಸ್ಥಾನದಲ್ಲಿ ಕಂದಾಯದ ಸರ್ವೆ ಆರಂಭವಾದದ್ದು 1863ರಲ್ಲಿ. ಆಗ ಸಂಸ್ಥಾನ ಬ್ರಿಟಿಷ್ ಕಮಿಷನರ್ ಬೌರಿಂಗ್‌ನ ಆಡಳಿತದಲ್ಲಿತ್ತು. ಮುಂಬಯಿ ಪ್ರಾಂತ್ಯದಲ್ಲಿ ವಿಂಗೇಟ್ ಮೊದಲಾದ ಅಧಿಕಾರಿಗಳು ರೂಪಿಸಿದ್ದ ಪದ್ಧತಿಯನ್ನೇ ಇಲ್ಲಿಗೂ ತಂದರು. ಉತ್ತರದ ಚಿತ್ರದುರ್ಗದ ಸೀಮೆಯಿಂದ ಶುರುವಾದ ಅಳತೆ ತಾಲ್ಲೂಕಿನಿಂದ ತಾಲ್ಲೂಕಿಗೆ ಸರಿಯುತ್ತ ಹಲವು ದಶಕಗಳ ಕಾಲ ನಡೆಯಿತು. ಅಳತೆಯ ಸಾಧನ 33 ಅಡಿಯ ಕಬ್ಬಿಣದ ಸರಪಳಿ. ಅದಕ್ಕೆ 16 ಭಾಗ, ಒಂದೊಂದು ಭಾಗಕ್ಕೂ ಆಣೆ ಎಂದು ಹೆಸರು. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಇರುವ ಜಾಗ ಒಂದು ಗುಂಟೆ, ಎಂದರೆ 1,089 ಚದರ ಅಡಿ. ಅಂಥ 40 ಗುಂಟೆ ಸೇರಿದರೆ ಎಕರೆ. ಇಂದು ಪೇಟೆಯ ನಿವೇಶನದ ದಲ್ಲಾಳಿಯೂ ದಿನಕ್ಕೆ ಹತ್ತು ಸಲ ಹೇಳುವ ಗುಂಟೆ ಹುಟ್ಟಿದ್ದು ಆ ಸರಪಳಿಯಿಂದ.

ಸರಪಳಿ ಎಳೆದವರು ಹೊಲದ ಮೂಲೆಮೂಲೆಗೂ ಕಲ್ಲು ನೆಟ್ಟರು. ಪ್ರತಿ ಹೊಲಕ್ಕೂ ಒಂದು ನಂಬರು ಕೊಟ್ಟರು. ಸ್ಥಳದಲ್ಲೇ ಕೂತು ಹೊಲದ ಕೈಚಿತ್ರ ಬರೆದು ಅಳತೆ ನಮೂದಿಸಿದ ಹಾಳೆ ಟಿಪ್ಪಣಿ. ಹೊಲದ ವಿಸ್ತೀರ್ಣ, ಖರಾಬು, ಆಕಾರಗಳ ಲೆಕ್ಕ ಆಕಾರಬಂದ್. ಇವೆಲ್ಲವನ್ನೂ ಕೂಡಿಸಿ ಇಡೀ ಊರನ್ನು ಒಂದು ಹಾಳೆಗೆ ಇಳಿಸಿದರೆ ಗ್ರಾಮನಕ್ಷೆ. ನೆಲದ ಮೇಲಿನ ಒಂದು ಮೈಲಿಗೆ ಕಾಗದದ ಮೇಲೆ ಎಂಟು ಅಂಗುಲ ಇದರ ಪ್ರಮಾಣ. ನಡೆದು ನೋಡುವವನಿಗೆ ಇದಕ್ಕಿಂತ ಒಳ್ಳೆಯ ನಕ್ಷೆ ಇಲ್ಲ. ಮೂರು ಊರುಗಳ ಎಲ್ಲೆ ಕೂಡುವ ಜಾಗ, ಕೆರೆಯ ಅಂಗಳ, ಗುಂಡುತೋಪು, ಗೋಮಾಳ, ಸುಡುಗಾಡು, ಒಂದು ಊರಿನಿಂದ ಮತ್ತೊಂದಕ್ಕೆ ಹೋಗುತ್ತಿದ್ದ ಬಂಡಿಜಾಡು ಎಲ್ಲವೂ ಅದರಲ್ಲಿ ಉಂಟು. ಒಂದು ಕಾಲಕ್ಕೆ ಇದರ ಪ್ರತಿ ಬೇಕೆಂದರೆ ಕಚೇರಿಗೆ ಚಪ್ಪಲಿ ಸವೆಸಬೇಕಿತ್ತು. ಈಗ ಭೂಮಾಪನ ಇಲಾಖೆಯ ಜಾಲತಾಣದಿಂದ ಇಳಿಸಿಕೊಳ್ಳಬಹುದು. ನಾವು ನಿಂತ ಜಾಗದ ಸರ್ವೆ ನಂಬರನ್ನು ಮೊಬೈಲಿನಲ್ಲೇ ತೋರಿಸುವ ‘ದಿಶಾಂಕ್’ ಕೂಡ ಅದೇ ಇಲಾಖೆಯದು.

ಆದರೆ ನಂಬರು ಗೊತ್ತಾದ ಮಾತ್ರಕ್ಕೆ ಊರು ಗೊತ್ತಾಗುವುದಿಲ್ಲ. ನಕ್ಷೆಯನ್ನು ಓದುವುದಕ್ಕೂ ಒಂದು ರೂಢಿ ಬೇಕು. ಉದಾಹರಣೆಗೆ, 45 ಎಂಬ ಹೊಲ 45/1, 45/2 ಆಗಿ, ಆಮೇಲೆ 45/2ಎ, 45/2ಬಿ ಆಗಿ ಒಡೆದಿದ್ದರೆ ಅಲ್ಲಿ ಒಂದು ಮನೆತನದ ಮೂರು ತಲೆಮಾರು ಇದೆ ಎಂದು ತಿಳಿಯಬೇಕು. ಅಣ್ಣತಮ್ಮಂದಿರು ಬೇರೆಯಾದದ್ದು, ಮಗಳ ಮದುವೆಗೆ ಮಾರಿದ್ದು, ಪೋಡಿಯಾಗದೆ ಉಳಿದ ಜಗಳ, ಎಲ್ಲವೂ ಆ ಅಡ್ಡಗೀಟಿನ ಹಿಂದಿದೆ. ಇನ್ನು ಕೆಲವು ಕಡೆ ಗೇಣಿದಾರನ ಹೆಸರಿಗೆ ಬಂದ ಹಿಸ್ಸಾಗಳಿವೆ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಗುರುತು ಅದು. ಅದನ್ನು ತಂದ ಮುಖ್ಯಮಂತ್ರಿ ದೇವರಾಜ ಅರಸು ಇದೇ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ನ್ಯಾಯಮಂಡಲಿಯ ಮುಂದೆ ನಿಂತ ಗೇಣಿದಾರನಿಗೆ ‘ಆ ಹುಣಸೆಮರದ ಕೆಳಗಿನ ಹೊಲ’ ಎಂಬ ಮಾತು ಸಾಲುತ್ತಿರಲಿಲ್ಲ, ಸರ್ವೆ ನಂಬರು ಬೇಕಿತ್ತು. ಕಂದಾಯ ಹಿಂಡಲು ಹುಟ್ಟಿದ ನಂಬರು ನೂರು ವರ್ಷದ ಮೇಲೆ ಉಳುವವನ ಕೈ ಹಿಡಿದದ್ದು ವಿಚಿತ್ರವೇ.

ಈ ದಾಖಲೆಗಳಲ್ಲಿ ನನಗೆ ತೀರ ಇಷ್ಟವಾದ ಪದ ‘ಬೇಚಿರಾಕ್’. ತಾಲ್ಲೂಕಿನ ಗ್ರಾಮಗಳ ಪಟ್ಟಿ ತೆಗೆದರೆ ಕೆಲವು ಹೆಸರುಗಳ ಮುಂದೆ ಬೇಚಿರಾಕ್ ಗ್ರಾಮ ಎಂದು ಬರೆದಿರುತ್ತದೆ. ಗ್ರಾಮಲೆಕ್ಕಿಗರು ಆ ಪದವನ್ನು ಸಲೀಸಾಗಿ ಹೇಳುತ್ತಾರೆ. ಅರ್ಥ ಕೇಳಿದರೆ ‘ಜನ ಇಲ್ಲದ ಊರು’ ಎನ್ನುತ್ತಾರೆ. ನಿಜ, ಆದರೆ ಪದದ ಒಳಗೆ ಇರುವುದು ಬೇರೆ. ಪಾರ್ಸಿಯಲ್ಲಿ ಚಿರಾಗ್ ಎಂದರೆ ದೀಪ. ಬೇಚಿರಾಕ್ ಎಂದರೆ ದೀಪವಿಲ್ಲದ ಊರು. ನವಾಬಿ ಕಚೇರಿಗಳ ಗುಮಾಸ್ತನೊಬ್ಬ ಯಾವತ್ತೋ ಸಂಜೆಗತ್ತಲಲ್ಲಿ ಒಂದು ಹಾಳೂರನ್ನು ನೋಡಿ ಈ ಮಾತು ಹೇಳಿರಬೇಕು ಎಂದು ನನ್ನ ಕಲ್ಪನೆ.

ಬೇಚಿರಾಕ್ ಗ್ರಾಮಕ್ಕೆ ನಕ್ಷೆ ಇದೆ, ಎಲ್ಲೆ ಇದೆ, ಸರ್ವೆ ನಂಬರುಗಳಿವೆ, ಕಂದಾಯವೂ ಇದೆ. ಮನೆಗಳಿಲ್ಲ. ಅಲ್ಲಿನ ಹೊಲಗಳನ್ನು ಅಕ್ಕಪಕ್ಕದ ಊರಿನವರು ಉಳುತ್ತಾರೆ. ಅಂಥ ಒಂದು ಊರನ್ನು ಹುಡುಕಿಕೊಂಡು ಹೋಗಿ ನೋಡಿ. ನಕ್ಷೆಯಲ್ಲಿ ಗ್ರಾಮಠಾಣ ಎಂದಿರುವ ಜಾಗದಲ್ಲಿ ಹಳೆಯ ಹುಣಸೆಮರಗಳ ಗುಂಪು ಇರಬಹುದು. ಉಳುಮೆಯಲ್ಲಿ ಮೇಲೆದ್ದ ಮಡಕೆಚೂರು, ಕುಸಿದ ಬಾವಿ, ಪೊದೆಯಲ್ಲಿ ಮುಳುಗಿದ ಮಾರಿಗುಡಿಯ ಕಲ್ಲು, ಅದೃಷ್ಟವಿದ್ದರೆ ಒಂದು ವೀರಗಲ್ಲು ಸಿಗಬಹುದು. ಯಾಕೆ ಹಾಳಾಯಿತು ಎಂದು ಕೇಳಿದರೆ ಒಬ್ಬೊಬ್ಬರೂ ಒಂದೊಂದು ಕಾರಣ ಹೇಳುತ್ತಾರೆ. ಪ್ಲೇಗು ಎನ್ನುವವರು ಹೆಚ್ಚು. ಕಾಲರಾ, ಕಾಡಂಚಿನಲ್ಲಾದರೆ ಮಲೇರಿಯ, ಹುಲಿ, ದಂಡು ಬಂದದ್ದು, ದೇವರ ಶಾಪ. ಸ್ವಾರಸ್ಯವೆಂದರೆ ಊರು ಬಿಟ್ಟು ಹೋದವರು ದೇವರನ್ನು ಪೂರ್ತಿ ಬಿಟ್ಟಿರುವುದಿಲ್ಲ. ವರ್ಷಕ್ಕೊಮ್ಮೆ ಬಂದು ಆ ಕಲ್ಲಿಗೆ ಪೂಜೆ ಮಾಡಿ, ಮರದಡಿ ಅಡುಗೆ ಮಾಡಿ ಉಂಡು ಹೋಗುವ ಒಕ್ಕಲುಗಳು ಇವೆ. ದೀಪವಿಲ್ಲದ ಊರಿನಲ್ಲಿ ಆ ಒಂದು ದಿನ ದೀಪ ಹಚ್ಚುತ್ತಾರೆ.

ಸರ್ವೆಯ ಕಲ್ಲಿಗಿಂತ ಹಳೆಯ ಎಲ್ಲೆಕಲ್ಲುಗಳೂ ಈ ಹೊಲಗಳಲ್ಲಿ ಸಿಗುತ್ತವೆ. ಗುಡಿಗೆ ಬಿಟ್ಟ ಭೂಮಿಗೆ ಲಿಂಗಮುದ್ರೆಯ ಕಲ್ಲು, ಬ್ರಾಹ್ಮಣರಿಗೆ ಕೊಟ್ಟ ಅಗ್ರಹಾರದ ಎಲ್ಲೆಗೆ ಕೊಡೆ ಕಮಂಡಲು ಹಿಡಿದ ವಾಮನಮುದ್ರೆಯ ಕಲ್ಲು, ವೈಷ್ಣವ ದೇವಾಲಯದ ಭೂಮಿಗೆ ಶಂಖಚಕ್ರದ ಕಲ್ಲು. ಬರಹವೇ ಇಲ್ಲದ ದಾನಪತ್ರ ಇವು. ಓದು ಬಾರದವನಿಗೂ ಈ ನೆಲ ಯಾರದೆಂದು ತಿಳಿಯಬೇಕಲ್ಲ. ದಾನಶಾಸನಗಳ ಕೊನೆಗೆ ಬರುವ ಎಲ್ಲೆಯ ವಿವರ ಓದಿದರಂತೂ ಒಂದು ನಡಿಗೆಯನ್ನೇ ಓದಿದಂತೆ. ಮೂಡಲಿಗೆ ಹುತ್ತ, ಅಲ್ಲಿಂದ ತೆಂಕಕ್ಕೆ ಹಳ್ಳ, ಹಳ್ಳದ ಗುಂಟ ಹೋಗಿ ಬಸುರಿಮರ, ಅದರ ಪಡುವಲಿಗೆ ನಟ್ಟ ಕಲ್ಲು ಎಂಬ ಧಾಟಿಯಲ್ಲಿ ಅದು ಸಾಗುತ್ತದೆ. ಹುತ್ತ ಕರಗಿದೆ, ಮರ ಬಿದ್ದಿದೆ. ಹಳ್ಳವೂ ಕಲ್ಲೂ ಎಷ್ಟೋ ಕಡೆ ಹಾಗೇ ಇವೆ.

ಆ ಕಾಲಕ್ಕೆ ಭೂಮಿಯ ಅಳತೆಯೂ ಬೇರೆ. ಎಷ್ಟು ಬೀಜ ಬಿತ್ತಬಹುದು ಎಂಬುದರ ಮೇಲೆ ಕೊಳಗ, ಖಂಡುಗದ ಲೆಕ್ಕ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಒಳ್ಳೆಯ ನೆಲದ ಖಂಡುಗಕ್ಕೂ ಕೆಟ್ಟ ನೆಲದ ಖಂಡುಗಕ್ಕೂ ವಿಸ್ತೀರ್ಣ ಒಂದೇ ಇರುತ್ತಿರಲಿಲ್ಲ. ಸರಪಳಿಯವನ ಕಣ್ಣಿಗೆ ಇದು ಅಳತೆಯೇ ಅಲ್ಲ. ಉಳುವವನಿಗೆ ಮಾತ್ರ ಬೇಕಾದ ಅಳತೆ ಅದೇ.

ನಿಮ್ಮ ಊರಿನ ಶಾಸನ ಯಾವುದು ಎಂದು ತಿಳಿಯಲು ಲೂಯಿ ರೈಸ್‌ಗೆ ಕೃತಜ್ಞರಾಗಿರಬೇಕು. ಹುಣಸೂರು, ಎಡತೊರೆ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಶಾಸನಗಳು ಆತನ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ 1898ರಲ್ಲೇ ಅಚ್ಚಾದವು. 1970ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಸಂಪುಟಗಳನ್ನು ತಂದಿತು. ತಾಲ್ಲೂಕಿನ ಗ್ರಂಥಾಲಯದಲ್ಲಿ ಅದನ್ನು ತೆಗೆದು ನಮ್ಮೂರಿನ ಹೆಸರು ಹುಡುಕಿ, ಕಲ್ಲು ಎಲ್ಲಿದೆ ಎಂದು ಬರೆದಿರುವ ಒಂದು ಸಾಲನ್ನು ಹಿಡಿದು ಹೊರಡಬೇಕು. ಕೋಟೆ ತಾಲ್ಲೂಕಿನ ಬೆಳತೂರಿನ ಶಾಸನ ಇದಕ್ಕೆ ಒಳ್ಳೆಯ ನಿದರ್ಶನ. 1057ರ ಆ ಕಲ್ಲು ದೇಕಬ್ಬೆಯದು. ಆಕೆಯ ಗಂಡ ಏಚ ಮಲ್ಲಯುದ್ಧದಲ್ಲಿ ಅರಸನ ಬಂಧುವನ್ನು ಕೊಂದ. ಅದಕ್ಕೆ ಅವನಿಗೆ ಮರಣದಂಡನೆಯಾಯಿತು. ದೇಕಬ್ಬೆ ತವರಿನವರ ಮಾತು ಕೇಳದೆ ಬೆಂಕಿಯನ್ನು ಹೊಕ್ಕಳು. ಚೋಳ ಚಕ್ರವರ್ತಿಗಳ ಇತಿಹಾಸದಲ್ಲಿ ಏಚನಿಗೆ ಜಾಗವಿಲ್ಲ. ಕಲ್ಲು ಇಲ್ಲದಿದ್ದರೆ ದೇಕಬ್ಬೆ ಎಂಬ ಹೆಸರೂ ಇಲ್ಲ.

ಎಲ್ಲೆಯ ಕಲ್ಲುಗಳ ಮಾತಿಗೆ ಮರಳೋಣ. ಕಲ್ಲನ್ನು ರಾತ್ರೋರಾತ್ರಿ ಕಿತ್ತು ಹತ್ತು ಮಾರು ಆಚೆಗೆ ನೆಡುವ ವಿದ್ಯೆ ಕಲ್ಲಿನಷ್ಟೇ ಹಳೆಯದು. ಅದಕ್ಕೇ ಮನುಸ್ಮೃತಿ ಎಲ್ಲೆಯಲ್ಲಿ ಕಣ್ಣಿಗೆ ಕಾಣದ ಗುರುತುಗಳನ್ನೂ ಹೂಳಬೇಕೆಂದು ಹೇಳಿ ಇದ್ದಿಲು, ಮೂಳೆ, ಹೊಟ್ಟು, ಬೂದಿ, ಮಡಕೆಚೂರುಗಳ ಪಟ್ಟಿ ಕೊಡುತ್ತದೆ. ಮೇಲಿನ ಕಲ್ಲು ಸುಳ್ಳು ಹೇಳಿದರೂ ಕೆಳಗಿನ ಇದ್ದಿಲು ಸುಳ್ಳು ಹೇಳುವುದಿಲ್ಲ ಎಂಬ ಭರವಸೆ.

ಇದ್ದಿಲಿಗಿಂತ ಗಟ್ಟಿಯಾದ ಇನ್ನೊಂದು ಸಾಕ್ಷಿ ಊರಿನಲ್ಲೇ ಇತ್ತು. ಅವನು ಕುಳುವಾಡಿ. ಊರ ಹೊರಗಿನ ಹೊಲೆಗೇರಿಯವನು. 1873ರಲ್ಲಿ ಕ್ಯಾಪ್ಟನ್ ಜೆ.ಎಸ್.ಎಫ್. ಮೆಕೆಂಜಿ ಎಂಬ ಅಧಿಕಾರಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪಕ್ಕದ ಹಾಸನ ಸೀಮೆಯ ಪದ್ಧತಿಯೊಂದನ್ನು ವಿವರಿಸಿದ್ದಾನೆ. ಎರಡು ಊರಿಗೆ ಎಲ್ಲೆಯ ವ್ಯಾಜ್ಯ ಬಂದರೆ ಕುಳುವಾಡಿ ತಲೆಯ ಮೇಲೆ ಮಣ್ಣಿನ ಉಂಡೆ ಹೊತ್ತು, ಅದರ ನಡುವಿನ ಕುಳಿಯಲ್ಲಿ ನೀರು ತುಂಬಿಕೊಂಡು, ಎಲ್ಲೆಯ ಗುಂಟ ನಡೆಯಬೇಕು. ನಡೆದ ದಾರಿ ಸರಿಯಾದರೆ ಉಂಡೆ ನಿಲ್ಲುತ್ತದೆ. ತಪ್ಪಿದರೆ ತಾನಾಗಿ ಒಡೆಯುತ್ತದೆ, ನಡೆದವನು ಹದಿನೈದು ದಿನದೊಳಗೆ ಸಾಯುತ್ತಾನೆ, ಅವನ ಮನೆ ಹಾಳಾಗುತ್ತದೆ ಎಂಬ ನಂಬಿಕೆ.

ಓದುವಾಗ ಇದು ವಿನೋದದ ಸಂಗತಿಯಂತೆ ಕಾಣಬಹುದು. ಸ್ವಲ್ಪ ನಿಂತು ಯೋಚಿಸಿದರೆ ಹಾಗೆ ಕಾಣುವುದಿಲ್ಲ. ಊರಿನ ಒಂದೊಂದು ಅಂಗುಲ ಎಲ್ಲೆಯೂ ಯಾರ ಕಾಲಿಗೆ ಗೊತ್ತಿತ್ತೋ ಅವನಿಗೆ ಆ ಎಲ್ಲೆಯೊಳಗೆ ಹೆಚ್ಚಿನ ಭೂಮಿಯಿರಲಿಲ್ಲ. ಒಡೆಯರ ಜಗಳಕ್ಕೆ ಪ್ರಾಣ ಪಣವಿಟ್ಟು ನಡೆಯಬೇಕಾದವನೂ ಅವನೇ. ಸರಪಳಿಯ ಸರ್ವೆ ಬಂದಾಗ ಅವನ ತಲೆಯ ಮೇಲಿನ ಮಣ್ಣಿನುಂಡೆ ಇಳಿಯಿತು. ಅವನಿಗೆ ತಿಳಿದಿದ್ದದ್ದು ಟಿಪ್ಪಣಿ ಪುಸ್ತಕಕ್ಕೆ ಹೋಯಿತು. ಹೊಸ ಸರ್ವೆಯವನಿಗೆ ‘ಇಲ್ಲಿಂದ ಇಲ್ಲಿಗೆ, ಬುದ್ಧಿ’ ಎಂದು ಊರಿನ ಎಲ್ಲೆ ತೋರಿಸಿದವರು ಯಾರೆಂದು ನಕ್ಷೆಯ ಯಾವ ಮೂಲೆಯಲ್ಲೂ ಬರೆದಿಲ್ಲ.

ಈ ಹೊಲದ ಸರ್ವೆಗೆ ಅರವತ್ತು ವರ್ಷ ಮೊದಲೇ ಇನ್ನೊಂದು ಸರ್ವೆ ಈ ಸೀಮೆಯಲ್ಲಿ ನಡೆದಿತ್ತು. ಅದರ ಗುರುತು ಹೊಲದಲ್ಲಿಲ್ಲ, ಬೆಟ್ಟದ ನೆತ್ತಿಗಳಲ್ಲಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರಿಗೆ ತಾವು ಗೆದ್ದದ್ದು ಏನೆಂದು ತಿಳಿಯಬೇಕಾಯಿತು. ಒಂದು ವರ್ಷದೊಳಗೆ ಮೂವರು ಮೂರು ರೀತಿಯಲ್ಲಿ ಮೈಸೂರನ್ನು ಅಳೆಯಲು ಹೊರಟರು. ಕಾಲಿನ್ ಮೆಕೆಂಜಿ (ಮೇಲೆ ಹೇಳಿದ ಕ್ಯಾಪ್ಟನ್ ಬೇರೆ, ಈತನೇ ಬೇರೆ) ನಕ್ಷೆಯ ಜೊತೆಗೆ ಊರೂರಿನ ಶಾಸನ, ಕೈಫಿಯತ್ತುಗಳನ್ನೂ ಸಂಗ್ರಹಿಸಿದ. ಆ ಕೆಲಸ ನಡೆದದ್ದು ಕಾವಲಿ ವೆಂಕಟ ಬೊರಯ್ಯ, ಲಕ್ಷ್ಮಯ್ಯ ಮುಂತಾದ ದೇಶೀಯ ಸಹಾಯಕರ ದುಡಿಮೆಯಿಂದ. ಕರ್ನಾಟಕದ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿ 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಪ್ರಕಟಿಸಿದ್ದಾರೆ.

ಎರಡನೆಯವನು ವಿಲಿಯಂ ಲ್ಯಾಂಬ್ಟನ್. ಅವನಿಗೆ ಊರಿನ ಗೊಡವೆಯಿಲ್ಲ, ಬೇಕಾದದ್ದು ಭೂಮಿಯ ಆಕಾರ. 1800ರ ಕೊನೆಯಲ್ಲಿ ಬೆಂಗಳೂರಿನ ಬಳಿ ಒಂದು ನೇರ ಗೆರೆಯನ್ನು ಉಕ್ಕಿನ ಸರಪಳಿಯಿಂದ ಅಳೆದ. ಆ ಸರಪಳಿಗೂ ಒಂದು ಕಥೆ. ಅದು ಮೂಲತಃ ಚೀನದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ, ಅವನಿಗೆ ಬೇಡವಾಗಿ ಹಿಂದಿರುಗಿದ ಸಾಮಾನು. ಕೋನ ಅಳೆಯುವ ಅರ್ಧ ಟನ್ ತೂಕದ ಥಿಯೊಡೊಲೈಟ್ ಯಂತ್ರವನ್ನು ಹಡಗಿನಲ್ಲಿ ತರುವಾಗ ಫ್ರೆಂಚರು ಹಿಡಿದು ಮಾರಿಷಸ್‌ಗೆ ಒಯ್ದರು. ಅದು ವಿಜ್ಞಾನದ ಸಲಕರಣೆ ಎಂದು ತಿಳಿದ ಮೇಲೆ ಮರ್ಯಾದೆಯಿಂದ ಕಳಿಸಿಕೊಟ್ಟರು. 1802ರಲ್ಲಿ ಮದರಾಸಿನಿಂದ ಶುರುವಾಗಿ ಲ್ಯಾಂಬ್ಟನ್ನನ ತ್ರಿಕೋನಗಳು ಬೆಟ್ಟದಿಂದ ಬೆಟ್ಟಕ್ಕೆ ಹಾರುತ್ತ ಮೈಸೂರು ಸೀಮೆಯನ್ನು ದಾಟಿ ಪಡುವಣ ಕಡಲನ್ನು ಮುಟ್ಟಿದವು. ಮುಂದೆ ಹಿಮಾಲಯದ ಶಿಖರಗಳ ಎತ್ತರ ಗೊತ್ತಾದದ್ದು ಇದೇ ಲೆಕ್ಕ ಬೆಳೆದು ಹೋದದ್ದರಿಂದ.

ಅಂಥ ಅಳತೆಗೆ ಬೇಕಾದದ್ದು ಸುತ್ತ ನಾಲ್ಕು ದಿಕ್ಕಿಗೂ ಕಾಣುವ ಒಂಟಿ ಬೆಟ್ಟ. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರಕ್ಕೆ ಹೋದರೆ ಇದರ ಅರ್ಥವಾಗುತ್ತದೆ. ಬಯಲಿನ ನಡುವೆ ಶಂಕುವಿನಂತೆ ಎದ್ದ ಬೆಟ್ಟ. ಗೆಜೆಟಿಯರ್ ಕೊಡುವ ಎತ್ತರ 4,389 ಅಡಿ. ಮೇಲೆ ಸಿಡಿಲು ಮಲ್ಲಿಕಾರ್ಜುನನ ಗುಡಿ. ಮೆಟ್ಟಿಲು ಹತ್ತಿ ಉಸಿರು ಸುಧಾರಿಸಿಕೊಂಡು ನೋಡಿದರೆ ಪಡುವಲಿಗೆ ಕೊಡಗಿನ ಗಿರಿಸಾಲು, ಕೆಳಗೆ ಹೊಗೆಸೊಪ್ಪಿನ ಹೊಲಗಳು, ಬ್ಯಾರನ್‌ಗಳ ಸಾಲು. ಭಕ್ತನಿಗೂ ಸರ್ವೆಯವನಿಗೂ ಒಂದೇ ನೆತ್ತಿ ಬೇಕಾಗುವುದು ನಮ್ಮ ನಾಡಿನ ಎಷ್ಟೋ ಬೆಟ್ಟಗಳ ಕಥೆ. ಅವಸರದಲ್ಲಿ ಇಳಿಯದೆ ಬಂಡೆಗಳ ಮೇಲೆ ಕಣ್ಣಾಡಿಸುವುದು ಒಳ್ಳೆಯದು. ಬಂಡೆಯಲ್ಲಿ ಕೊರೆದ ವೃತ್ತ, ಚುಕ್ಕಿ, ತ್ರಿಕೋನ, ಅಥವಾ ಹಳೆಯ ಸೇತುವೆ ಮತ್ತು ಗುಡಿಯ ಮೆಟ್ಟಿಲುಗಳ ಮೇಲೆ ಜಿ.ಟಿ.ಎಸ್., ಬಿ.ಎಂ. ಎಂಬ ಇಂಗ್ಲಿಷ್ ಅಕ್ಷರಗಳು ಕಂಡರೆ ಅದು ಸರ್ವೆ ಆಫ್ ಇಂಡಿಯಾದ ಗುರುತು. ಸಿಮೆಂಟು ಬಳಿಯುವ ಜೀರ್ಣೋದ್ಧಾರದವರಿಗೂ ರಸ್ತೆ ಅಗಲ ಮಾಡುವವರಿಗೂ ಇದರ ಬೆಲೆ ತಿಳಿದಿರುವುದಿಲ್ಲ.

ಮೂರನೆಯವನು ಫ್ರಾನ್ಸಿಸ್ ಬುಕಾನನ್. ಈತ ವೈದ್ಯ. 1800ರ ಸೆಪ್ಟೆಂಬರಿನಲ್ಲಿ ಈ ಸೀಮೆಯಲ್ಲಿ ಹಾದುಹೋದ. ಪಿರಿಯಾಪಟ್ಟಣದ ಕೋಟೆಯನ್ನು ಅವನು ಕಂಡಾಗ ಅದು ಹುಲಿಗಳ ವಶದಲ್ಲಿತ್ತು. ಹಾದಿತಪ್ಪಿ ಒಳಹೊಕ್ಕ ಕುದುರೆಯೊಂದನ್ನು ಹುಲಿ ಕೊಂದಿತ್ತು, ನಡುಹಗಲಲ್ಲೂ ಒಬ್ಬಂಟಿಗ ಒಳಗೆ ಹೋಗುತ್ತಿರಲಿಲ್ಲ ಎಂದು ಬರೆದಿದ್ದಾನೆ. ಚಂಗಾಳ್ವರ ರಾಜಧಾನಿಯಾಗಿದ್ದ ಈ ಪಟ್ಟಣವನ್ನು ಕಂಠೀರವ ನರಸರಾಜ ಒಡೆಯರ ಸೈನ್ಯ 1645ರ ಸುಮಾರಿಗೆ ಗೆದ್ದಿತು. ಸೋಲು ಖಚಿತವಾದಾಗ ಇಲ್ಲಿನ ಅರಸ ತನ್ನ ಹೆಂಡಿರು ಮಕ್ಕಳನ್ನು ಕೊಂದು, ಕತ್ತಿ ಹಿಡಿದು ಹೊರಬಂದು ಸತ್ತನೆಂಬ ಕಥೆಯನ್ನೂ ಬುಕಾನನ್ ಕೇಳಿ ಬರೆದುಕೊಂಡಿದ್ದಾನೆ. ಆಮೇಲೆ ಕೊಡಗು ಮತ್ತು ಮೈಸೂರಿನ ಕಾದಾಟಗಳ ನಡುವೆ ಸಿಕ್ಕಿದ ಗಡಿಪಟ್ಟಣಕ್ಕೆ ಉಳಿದದ್ದು ಹುಲಿ ಮಾತ್ರ.

ಇಂದು ನಡೆಯಲು ಹೊರಡುವವರು ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆಗಳಲ್ಲಿ 57ಡಿ ಎಂಬುದನ್ನು ನೆನಪಿಡಬೇಕು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕೂ ಪಟ್ಟಣಗಳು ಅದರೊಳಗೆ ಬರುತ್ತವೆ. ಕೋಟೆ ತಾಲ್ಲೂಕಿನ ದಕ್ಷಿಣದ ಕಾಡಿಗೆ ಮಾತ್ರ 58ಎ ಬೇಕು. ಹಿಂದೆ ಮೈಲಿಗೆ ಒಂದಂಗುಲದ ಪ್ರಮಾಣವಿತ್ತು. ಮೆಟ್ರಿಕ್ ಬಂದ ಮೇಲೆ 1:50,000 ಆಯಿತು. ಹೊಸ ಸರಣಿಗೆ ಹೊಸ ಸಂಖ್ಯೆಗಳೂ ಬಂದಿವೆ. ಹೊಸದೊಂದು, ಹಳೆಯದೊಂದು ಪಕ್ಕಪಕ್ಕದಲ್ಲಿಟ್ಟು ನೋಡುವುದೇ ಅರ್ಧ ಇತಿಹಾಸ. ಹಳೆಯ ಹಾಳೆಯಲ್ಲಿ ಕಾಡಾಗಿದ್ದ ಬೈಲಕುಪ್ಪೆಯ ಕಡೆಯ ಜಾಗ ಹೊಸದರಲ್ಲಿ 1960ರ ದಶಕದಲ್ಲಿ ನೆಲೆಸಿದ ಟಿಬೆಟನ್ನರ ಶಿಬಿರಗಳಾಗಿವೆ.

ಕೃಷ್ಣರಾಜನಗರದಲ್ಲಿ ಈ ವ್ಯತ್ಯಾಸ ಕಾಲಿಗೇ ತಿಳಿಯುತ್ತದೆ. ಕಾವೇರಿಯ ದಡದಲ್ಲಿ ಅರ್ಕೇಶ್ವರನ ಗುಡಿಯ ಸುತ್ತ ಇರುವುದು ಹಳೆಯ ಎಡತೊರೆ. ನದಿ ಎಡಕ್ಕೆ ತಿರುಗುವ ಜಾಗವಾದ್ದರಿಂದ ಆ ಹೆಸರು ಎನ್ನುತ್ತಾರೆ. ಅಲ್ಲಿಯದು ಕಾಲು ಹೋದಂತೆ ಹೋಗುವ ಓಣಿ. ಪ್ರವಾಹದ ಕಾಟ ತಾಳಲಾರದೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಎತ್ತರದ ನೆಲದಲ್ಲಿ ಕಟ್ಟಿದ ಹೊಸ ಊರಿನಲ್ಲಿ ದಾರಿಗಳು ಗೀಟು ಹಾಕಿದಂತೆ. ತಾಲ್ಲೂಕು ಹೊಸ ಊರಿನ ಹೆಸರು ಪಡೆಯಿತು, ಗುಡಿ ಹಳೆಯ ಊರಿನಲ್ಲೇ ಉಳಿಯಿತು.

ಆದರೆ ಈ ಭಾಗದ ನಿಜವಾದ ಸರ್ವೆಯ ಗುರುತು ಕಲ್ಲಲ್ಲ, ನೀರು. ಚುಂಚನಕಟ್ಟೆಯ ಅಣೆಯಿಂದ ಹೊರಡುವ ರಾಮಸಮುದ್ರ ನಾಲೆಯ ಏರಿಯ ಮೇಲೆ ಒಂದು ಬೆಳಗ್ಗೆ ನಡೆಯಿರಿ. ನಕ್ಷೆಯ ಸಮೋನ್ನತ ರೇಖೆಗಳನ್ನೂ ನಾಲೆಯ ನೀಲಿ ಗೆರೆಯನ್ನೂ ಜೊತೆಗೆ ನೋಡಿ. ದಿಬ್ಬ ಬಂದಲ್ಲಿ ಸುತ್ತಿ, ತಗ್ಗು ಬಂದಲ್ಲಿ ಒಳಹೊಕ್ಕು, ಇಳಿಜಾರನ್ನು ಒಂದಿಷ್ಟೂ ಪೋಲು ಮಾಡದೆ ನಾಲೆ ಸಾಗುತ್ತದೆ. ಥಿಯೊಡೊಲೈಟ್ ಬರುವುದಕ್ಕೆ ಮೊದಲೇ ಈ ನಾಡಿನ ನಾಲೆಗಳನ್ನು ತೋಡಿದವರು ನೆಲದ ಏರಿಳಿತವನ್ನು ನೀರನ್ನೇ ಕೇಳಿ ತಿಳಿದವರು. ಲಕ್ಷ್ಮಣತೀರ್ಥಕ್ಕೆ ಹನಗೋಡಿನಲ್ಲಿ ಕಟ್ಟಿದ ಅಣೆಯಲ್ಲೂ ಇದನ್ನು ಕಾಣಬಹುದು. ಅವರ ನಕ್ಷೆ ಸಿಕ್ಕಿಲ್ಲ, ಬರೆದಿದ್ದರೋ ಇಲ್ಲವೋ. ಅವರ ಗೆರೆಯ ಮೇಲೆ ಇಂದಿಗೂ ಬತ್ತ ಬೆಳೆಯುತ್ತಿದೆ.

ಹೆಗ್ಗಡದೇವನಕೋಟೆಯ ಕಡೆ ಬಂದರೆ ಹಳೆಯ ನಕ್ಷೆಯಲ್ಲಿ ಊರು, ಹೊಸದರಲ್ಲಿ ನೀರು. ಗ್ರೀಕ್ ಭೂಗೋಳಜ್ಞ ಟಾಲೆಮಿ ವೈಡೂರ್ಯ ಸಿಗುವ ನಾಡೆಂದು ಹೆಸರಿಸಿದ ಪುನ್ನಾಟದ ರಾಜಧಾನಿ ಕೀರ್ತಿಪುರ, ಕಬಿನಿ ದಂಡೆಯ ಇಂದಿನ ಕಿತ್ತೂರು ಎಂದು ವಿದ್ವಾಂಸರು ಗುರುತಿಸಿದ್ದಾರೆ. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದ ಮೇಲೆ ಆ ದಂಡೆಯ ಎಷ್ಟೋ ಭಾಗ ಹಿನ್ನೀರಿನ ಕೆಳಗೆ ಹೋಯಿತು. 1971ರಲ್ಲಿ ಕೊನೆಯ ಖೆಡ್ಡಾ ನಡೆದ ಕಾಕನಕೋಟೆಯ ಕಾಡಿಗೂ ನೀರು ನುಗ್ಗಿತು. ಸರ್ವೆ ನಂಬರು ಮುಳುಗುವುದಿಲ್ಲ. ಕಾಗದದಲ್ಲಿ ಆ ಊರುಗಳ ಎಲ್ಲೆ ಇನ್ನೂ ಇದೆ. ನಂಬರು ಇದ್ದವನಿಗೆ ಕಡಿಮೆಯೋ ತಡವೋ, ಪರಿಹಾರವೆಂದು ಕೇಳಲು ಒಂದು ಕಾಗದವಾದರೂ ಇತ್ತು.

ನಂಬರೇ ಇಲ್ಲದವರ ಮಾತು ಬೇರೆ. ಗ್ರಾಮನಕ್ಷೆ ಕಾಡಿನ ಅಂಚಿಗೆ ಬಂದು ನಿಲ್ಲುತ್ತದೆ. ಅದರಾಚೆ ಕಂದಾಯ ಸರ್ವೆಯವರಿಗೆ ಕೆಲಸವಿರಲಿಲ್ಲ. ಅರಣ್ಯ ಇಲಾಖೆಯವರು ತಮ್ಮ ಎಲ್ಲೆಗೆ ಕಲ್ಲುಗುಪ್ಪೆ ಹಾಕಿದರು, ಆಮೇಲೆ ಆನೆ ಕಂದಕ ತೋಡಿದರು. ಈಗ ಹಳೆಯ ರೈಲು ಕಂಬಿಗಳ ಬೇಲಿ ಎದ್ದಿದೆ. ಈ ಗುರುತುಗಳ ಒಳಗೆ ಜೇನುಕುರುಬರ, ಬೆಟ್ಟಕುರುಬರ, ಯರವರ ಹಾಡಿಗಳಿದ್ದವು. ಹೊಲವಲ್ಲದ, ಕಂದಾಯವಿಲ್ಲದ, ನಕ್ಷೆಗೆ ಖಾಲಿಯಾಗಿ ಕಂಡ ಜಾಗದಲ್ಲಿ ಜನ ಹುಟ್ಟಿ, ಬಾಳಿ, ಸತ್ತಿದ್ದಾರೆ. 1955ರಲ್ಲಿ ನಾಗರಹೊಳೆ ವನ್ಯಧಾಮವಾಯಿತು, ಮುಂದೆ ರಾಷ್ಟ್ರೀಯ ಉದ್ಯಾನವಾಯಿತು. ಹಾಡಿಗಳು ಒಂದೊಂದಾಗಿ ಹೊರಬಂದವು. ಹೈಕೋರ್ಟಿನ ಸೂಚನೆಯಂತೆ ರಚನೆಯಾದ ಪ್ರೊ. ಮುಜಫರ್ ಅಸ್ಸಾದಿ ಸಮಿತಿ 2014ರಲ್ಲಿ ಕೊಟ್ಟ ವರದಿ ಹೀಗೆ ಹೊರಬಂದ ಕುಟುಂಬಗಳನ್ನು 3,418 ಎಂದು ಲೆಕ್ಕ ಹಾಕಿತು.

2006ರ ಅರಣ್ಯ ಹಕ್ಕು ಕಾಯ್ದೆ ಇವರಿಗೆ ಹಕ್ಕು ಕೇಳುವ ದಾರಿ ಕೊಟ್ಟಿದೆ. ಆದರೆ ಇಲ್ಲೇ ಇದ್ದೆವು ಎಂಬುದಕ್ಕೆ ಸಾಕ್ಷಿ ಬೇಕು. ಕಾಯ್ದೆಯ ನಿಯಮಗಳು ಸರ್ವೆ ದಾಖಲೆ, ಗೆಜೆಟಿಯರ್‌ಗಳ ಜೊತೆಗೆ ಹಳೆಯ ಬಾವಿ, ಸಮಾಧಿ, ದೇವರ ಜಾಗ, ಹಿರಿಯರ ಹೇಳಿಕೆಗಳನ್ನೂ ಸಾಕ್ಷ್ಯವೆಂದು ಒಪ್ಪುತ್ತವೆ. ಮನುಸ್ಮೃತಿಯ ಇದ್ದಿಲು, ಮಡಕೆಚೂರು ಮತ್ತೆ ಬಂದಂತಾಯಿತು. ಕಚೇರಿಯ ಮೇಜಿನ ಮೇಲೆ ಮಾತ್ರ ಮುದ್ರೆ ಬಿದ್ದ ಕಾಗದಕ್ಕಿರುವ ತೂಕ ಅಜ್ಜಿಯ ಮಾತಿಗೆ ಇನ್ನೂ ಬಂದಿಲ್ಲ. ಅರ್ಜಿಗಳು ತಿರಸ್ಕೃತವಾಗುವುದೂ ಮರುಪರಿಶೀಲನೆಗೆ ಹೋಗುವುದೂ ನಡೆದೇ ಇದೆ.

ಪಕ್ಕದ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಬೇರೆಯೇ ಒಂದು ಸರ್ವೆ ಮಾಡಿದರು. ಅವರಲ್ಲಿ ಕುಲಕ್ಕೊಂದು ಎಲ್ಲೆ ಉಂಟು. ನಾವು ಗಡಿ ಎಂಬ ಅರ್ಥದಲ್ಲಿ ಬಳಸುವ ಪದ ಅವರಿಗೆ ಇಡೀ ಪ್ರದೇಶದ ಹೆಸರು. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ನೆಲೆಗಳು. ಹಿರಿಯರು ಮುಂದೆ ನಡೆದರು, ಸಂಶೋಧಕರು ಜಿ.ಪಿ.ಎಸ್. ಹಿಡಿದು ಹಿಂದೆ ನಡೆದರು. ಹೀಗೆ ನಕ್ಷೆಗೆ ಬಂದ ನೆಲೆಗಳು ನಾನೂರಕ್ಕೂ ಹೆಚ್ಚು. 2011ರಲ್ಲಿ ಅಲ್ಲಿನ ಸೋಲಿಗರಿಗೆ ಸಾಮುದಾಯಿಕ ಅರಣ್ಯ ಹಕ್ಕು ದೊರೆಯಿತು.

ಅದನ್ನು ಓದಿದ ಮೇಲೆ 58ಎ ಹಾಳೆಯನ್ನು ಮತ್ತೊಮ್ಮೆ ತೆಗೆದು ನೋಡಿದೆ. ಹಸಿರು ಬಣ್ಣದ ನಡುವೆ ಹಳ್ಳ, ಕೊಲ್ಲಿ, ಕಟ್ಟೆ, ಹಡ್ಲುಗಳ ಹೆಸರುಗಳು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚಾಗಿವೆ. ಸರ್ವೆಯ ಅಧಿಕಾರಿಗೆ ಆ ಹೆಸರುಗಳು ತಾವಾಗಿ ಗೊತ್ತಿರಲು ಸಾಧ್ಯವಿಲ್ಲ. ಮುಂದೆ ದಾರಿ ಬಿಡಿಸಿಕೊಂಡು ನಡೆಯುತ್ತಿದ್ದವನನ್ನು ಇದೇನು, ಅದೇನು ಎಂದು ಕೇಳಿ ಬರೆದುಕೊಂಡಿರಬೇಕು. ಹಾಳೆಯ ಕೆಳಗಿನ ಅಂಚಿನಲ್ಲಿ ಅಳತೆಯ ವರ್ಷವಿದೆ, ಅಚ್ಚಿನ ವಿವರವಿದೆ, ಸರ್ವೆಯರ್ ಜನರಲ್‌ನ ಹೆಸರಿದೆ.